ನಾಲ್ಕೂವರೆ ಮಿಲಿಮೀಟರ್ ವಸಡು

ಕಾಳಮ್ಮನವರ ದವಡೆ ಹನ್ನೊಂದು ನಿಮಿಷದಲ್ಲಿ ಮೂವತ್ತೊಂದು ವರ್ಷ ಅಗಿದು ಮುಗಿಸಿತು.

ಆ ಹೊತ್ತಿನಲ್ಲಿ ಕಾಳಮ್ಮನವರು ಬಾಗಲಕೋಟೆ ನವನಗರದ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಯಾರದೋ ಅಜ್ಜಿಯ ಕಾಲದ ಬೋರಮಾಳ ಸರದ ಚಿನ್ನದ ಗುಂಡು ಬೆಸೆಯುತ್ತಿದ್ದರು. ಅವರಿಂದ ಮೂರು ಕಿಲೋಮೀಟರ್ ದೂರದ ದಂತ ಯೋಜನಾ ಕೇಂದ್ರದಲ್ಲಿ, ಒಂದು ತಣ್ಣನೆಯ ಕೋಣೆಯ ಪರದೆಯ ಮೇಲೆ, ಅವರ ಕೆಳದವಡೆ ಮುಖವೂ ಮೈಯೂ ಇಲ್ಲದೆ ಬೂದು ಬಣ್ಣದ ಲಾಳದಂತೆ ತೇಲುತ್ತಾ ಜೋಳದ ರೊಟ್ಟಿ ತಿನ್ನುತ್ತಿತ್ತು. ಅದನ್ನು ನೋಡುತ್ತಾ ಕುಳಿತವಳು ಅವರ ಸೊಸೆ ಭುವನಾ.

ಇದಕ್ಕೆ ‘ಜೋಡಿ ದವಡೆ’ ಎಂದು ಹೆಸರು. ಮೊದಲೆಲ್ಲ ಸಿ.ಟಿ. ಚಿತ್ರ ತೆಗೆದರೆ ಮೂಳೆ ಎಲ್ಲಿ ದಪ್ಪ, ಎಲ್ಲಿ ತೆಳು, ತುಟಿಗೆ ಹೋಗುವ ನರ ಎಲ್ಲಿ ಹಾದಿದೆ ಅಂತ ಕಾಣುತ್ತಿತ್ತು. ಹೊಸ ಹಲ್ಲು ನಿಲ್ಲಿಸುವ ಟೈಟಾನಿಯಂ ಬೇರುಗಳನ್ನು ಎಲ್ಲಿ ಕೂರಿಸಬೇಕೆಂದು ಡಾಕ್ಟರು ಲೆಕ್ಕ ಹಾಕಿಕೊಳ್ಳುತ್ತಿದ್ದರು. ಈಗ ಆ ಚಿತ್ರದಿಂದಲೇ ದವಡೆಯ ಜೀವಂತ ನಕಲೊಂದನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಾರೆ. ಅದಕ್ಕೆ ಊಟ ಹಾಕುತ್ತಾರೆ. ಕಾಲವನ್ನು ಓಡಿಸುತ್ತಾರೆ. ನಾಲ್ಕು ಬೇರುಗಳನ್ನು ಸಾವಿರಾರು ರೀತಿಯಲ್ಲಿ ಸರಿಸಿ ನೋಡಿ, ಎಲ್ಲಿ ಕೂತರೆ ಹೆಚ್ಚು ವರ್ಷ ಬಾಳುತ್ತವೋ ಆ ಜಾಗ ಗುರುತಿಸುತ್ತಾರೆ. ಆ ಯೋಜನೆಯನ್ನು ಭುವನಾಳಂಥವರು ಪರೀಕ್ಷಿಸಿ ‘ಬೀಗ’ ಹಾಕುತ್ತಾರೆ. ಬೀಗ ಬಿದ್ದ ಮೇಲೆ ಬೈರಿಗೆ ಹಿಡಿಯುವುದು ಡಾಕ್ಟರಲ್ಲ, ಯಂತ್ರದ ಕೈ.

ಈ ಯಂತ್ರ ಬಂದ ನಾಲ್ಕೇ ವರ್ಷದಲ್ಲಿ ಜನ ಅದಕ್ಕೆ ಹೊಂದಿಕೊಂಡಿದ್ದರು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮುದುಕರು ಎದುರುಬದುರು ಕೂತು, "ನಂದು ಇಪ್ಪತ್ತಾರು ವರ್ಷ ಅಂದೈತಿ. ನಿಂದೆಷ್ಟಲೇ?" ಎಂದು ಕೇಳಿಕೊಳ್ಳುತ್ತಿದ್ದರು. ಕಡಿಮೆ ಬಂದವನು ಆ ದಿನದ ಚಹಾ ಕುಡಿಸಬೇಕು.

ಅತ್ತೆಗೆ ಮೂವತ್ತೊಂದು ಬಂದಿತ್ತು. ಭುವನಾಗೆ ಸಂತೋಷವಾಗಬೇಕಿತ್ತು. ಆದರೆ ಅವಳ ಕಣ್ಣು ಪರದೆಯ ಮೂಲೆಯ ಒಂದು ಅಂಕಿಯ ಮೇಲೆ ನಿಂತುಬಿಟ್ಟಿತು. ಎಡಗಡೆ ಹಿಂಭಾಗದಲ್ಲಿ ವಸಡಿನ ದಪ್ಪ: ನಾಲ್ಕೂವರೆ ಮಿಲಿಮೀಟರ್.

ಹಲ್ಲು ಬಿದ್ದು ಐದು ವರ್ಷವಾದ ಅರವತ್ತನಾಲ್ಕರ ಹೆಂಗಸಿಗೆ ಅಷ್ಟು ದಪ್ಪ ವಸಡು ಎಲ್ಲಿಂದ ಬರಬೇಕು? ಎರಡಿದ್ದರೆ ಹೆಚ್ಚು.

"ಡಾಕ್ಟ್ರೇ, ಇದನ್ನೊಂಚೂರು ನೋಡ್ತೀರೇನ್ರಿ?" ಎಂದು ಡಾ. ಗುಳೇದ ಅವರನ್ನು ಕರೆದಳು. ಗುಳೇದರು ಕೇಂದ್ರದ ಹಿರಿಯರು. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ನರದಿಂದ ಎಷ್ಟು ದೂರ ಐತಿ?"

"ಎರಡು ಮಿಲಿಮೀಟರ್ ಬಿಟ್ಟೈತ್ರಿ."

"ಸಾಕಲ್ಲ ಮತ್ತ. ನಿಯಮ ಅಷ್ಟs ಐತಿ. ಭುವನಾ ಅವರ, ಇವರು ನಿಮ್ಮತ್ತಿ ಅಲ್ಲದಿದ್ರ ಈ ವಸಡು ನಿಮ್ಮ ಕಣ್ಣಿಗೆ ಬೀಳತಿತ್ತೇನು?"

ಅವರು ನಗುತ್ತಲೇ ಹೇಳಿದ್ದರು. ಆದರೆ ಆ ಮಾತು ಚುಚ್ಚಿತು. ಮನೆಯವರ ಕೆಲಸ ತಾನೇ ಮಾಡುತ್ತೇನೆಂದು ಕೇಳಿ ಪಡೆದುಕೊಂಡವಳು ಅವಳೇ. ಭುವನಾ ಮತ್ತೊಮ್ಮೆ ಚಿತ್ರ ತಿರುಗಿಸಿದಳು, ಮಗದೊಮ್ಮೆ ತಿರುಗಿಸಿದಳು. ಮೂಳೆ ಬೆಳ್ಳಗೆ, ನರದ ಸುರಂಗ ಕಪ್ಪಗೆ, ವಸಡು ಬೂದು ಬಣ್ಣದಲ್ಲಿ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಕೊನೆಗೆ ಬೀಗ ಹಾಕಿದಳು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಶಸ್ತ್ರಚಿಕಿತ್ಸೆ ಎಂದು ಪರದೆ ತೋರಿಸಿತು.

ಅಂದು ಸೋಮವಾರ.

*

ಮನೆಯ ಮುಂದಿನ ಕೋಣೆ ಗಂಡ ಮೌನೇಶನ ಚಿನ್ನಬೆಳ್ಳಿ ಕೆಲಸದ ಅಂಗಡಿ. ಅವನದು ಲೇಸರ್ ಯಂತ್ರ. ಚಿನ್ನದ ಎರಡು ತುದಿ ಇಟ್ಟು ಗುಂಡಿ ಒತ್ತಿದರೆ ಬೆಸುಗೆ ಮುಗಿಯಿತು. ಪಡಸಾಲೆ ಅತ್ತೆಯದು. ಅಲ್ಲಿ ದೀಪ, ಇದ್ದಿಲು, ಅರಗಿನ ಬಟ್ಟಲು, ಒಂದು ಗೇಣುದ್ದದ ಹಿತ್ತಾಳೆಯ ಊದುಗೊಳವೆ. ಹಳೆಯ ಆಭರಣ ಕಾಗದದಷ್ಟು ತೆಳುವಾಗಿರುತ್ತದೆ. ಲೇಸರ್ ತಾಗಿದರೆ ಹರಿದುಹೋಗುತ್ತದೆ. ಹಾಗಾಗಿ ಇಳಕಲ್ಲಿನಿಂದ, ಬಾದಾಮಿಯಿಂದ, ಅಷ್ಟೇಕೆ ಸೊಲ್ಲಾಪುರದಿಂದಲೂ ಹೆಂಗಸರು ಬಟ್ಟೆಯಲ್ಲಿ ಕಟ್ಟಿಕೊಂಡು ಕಾಳಮ್ಮನನ್ನೇ ಹುಡುಕಿ ಬರುತ್ತಿದ್ದರು. ದೀಪದ ಜ್ವಾಲೆಯನ್ನು ಊದಿ ಊದಿ ಸೂಜಿಯ ಮೊನೆಯಷ್ಟು ಮಾಡಿ ಎಲ್ಲಿ ಬೇಕೋ ಅಲ್ಲಿ ಮಾತ್ರ ತಾಗಿಸುವ ವಿದ್ಯೆ ಅದು. ಕೈಯಿಂದಲ್ಲ, ತುಟಿಯಿಂದ ಕಲಿಯುವಂಥದ್ದು.

ಐದು ವರ್ಷದಿಂದ ಆ ತುಟಿಯ ಹಿಂದೆ ಹಲ್ಲಿರಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಊದುವಾಗ ಅಲುಗಾಡುತ್ತಿತ್ತು. ಜ್ವಾಲೆ ನಡುಗುತ್ತಿತ್ತು. ಹೋದ ದೀಪಾವಳಿಗೆ ಒಂದು ಗೆಜ್ಜಿಟಿಕ್ಕಿ ಸರದ ಮೂರು ಗೆಜ್ಜೆ ಕರಗಿ ಉಂಡೆಯಾದಾಗ ಕಾಳಮ್ಮ ಎರಡು ದಿನ ಊಟ ಬಿಟ್ಟಿದ್ದರು. ಆಮೇಲೆ ತಾವೇ, "ಆ ನಿಮ್ಮ ಮಿಷನ್ನಿಂದ ಹಲ್ಲು ಹಾಕಿಸವಾ, ಗಟ್ಟಿ ಕುಂದರ್‍ಬೇಕು" ಎಂದಿದ್ದರು.

ಆ ಸಂಜೆ ಭುವನಾ ರೊಟ್ಟಿ ಬಡಿಯುತ್ತಾ ಕೇಳಿದಳು. "ಅತ್ತೀ, ನಿಮ್ಮ ವಸಡು ಬಾವು ಬಂದೈತೇನ್ರಿ? ಎಡಕ್ಕ?"

"ಇಲ್ಲವಾ."

"ನೋವು?"

"ನನಗ ಏನೂ ಇಲ್ಲ. ನಿನಗೇನಾಗೇತಿ? ಮೂರನೇ ರೊಟ್ಟಿ ಹತ್ತಿಸಿದಿ."

ಏಳು ವರ್ಷದ ಮಗಳು ತನ್ವಿ ಸುಟ್ಟ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಮ್ಮಾ, ಇದರ ಸಿ.ಟಿ. ತಗಸೂಣೇನು?" ಎಂದಳು. ಅಂಗಡಿಯೊಳಗಿಂದ ಮೌನೇಶ ನಕ್ಕದ್ದು ಕೇಳಿಸಿತು.

ಭುವನಾ ನಗಲಿಲ್ಲ. ಅತ್ತೆಯ ಬಾಯಿಗೆ ಟಾರ್ಚು ಹಾಕಿ ನೋಡಿದಳು. ಗುಲಾಬಿ ಬಣ್ಣದ ಆರೋಗ್ಯವಂತ ವಸಡು. ದಪ್ಪ ಎಷ್ಟೆಂದು ಕಣ್ಣಿಗೆ ಹೇಗೆ ತಿಳಿಯಬೇಕು?

"ಅತ್ತೀ, ಒಂದ ವ್ಯಾಳ್ಯಾ ತುಟಿಗೆ ಏನರ ಆದ್ರ? ಜುಮ್ಮು ಹಿಡದ್ರ?" ಈ ಮಾತನ್ನು ಕಾಗದದಲ್ಲಿ ಸಹಿ ಹಾಕಿಸಿಕೊಳ್ಳುವಾಗಲೂ ಓದಿ ಹೇಳಿದ್ದಳು. ಆದರೂ ಮತ್ತೆ ಕೇಳಿದಳು.

ಕಾಳಮ್ಮ ಊದುಗೊಳವೆಯನ್ನು ಸೆರಗಿನಿಂದ ಒರೆಸುತ್ತಿದ್ದರು. "ತುಟಿ ಹೋದ್ರ ನಾ ಈ ಮನ್ಯಾಗ ಏನು? ರೊಟ್ಟಿ ತಿನ್ನೂ ಮುದುಕಿ. ಹಲ್ಲಿಲ್ಲದನ ಊದಿ ನೋಡೀನಿ, ಹೆಂಗೋ ಒಂದಿಷ್ಟು ಆಗ್ತೈತಿ. ತುಟಿ ಇಲ್ಲದ ಆಗಂಗಿಲ್ಲ." ಆಮೇಲೆ ಸೊಸೆಯ ಮುಖ ನೋಡಿ ದನಿ ಇಳಿಸಿದರು. "ನೀ ನೋಡೀ ಅಲ್ಲ? ನೀ ನೋಡಿದ ಮ್ಯಾಲೆ ಮುಗೀತು."

ಅದೇ ಅವಳಿಗೆ ಕಂಟಕವಾಯಿತು. ಮಂಗಳವಾರ, ಬುಧವಾರ ಎರಡೂ ದಿನ ಕೆಲಸದ ನಡುವೆ ಆ ಚಿತ್ರವನ್ನೇ ತೆಗೆದು ತೆಗೆದು ನೋಡಿದಳು. ಕುಳಿತಲ್ಲಿ ಕೂರಲಿಲ್ಲ. ತನ್ವಿಯ ಡಬ್ಬಿಗೆ ಪಲ್ಯ ಹಾಕಿ ಚಪಾತಿ ಮರೆತಳು. ಬಟ್ಟೆ ಒಣಹಾಕುತ್ತಾ ಒದ್ದೆ ಸೀರೆ ಕೈಯಲ್ಲೇ ಹಿಡಿದು ನಿಂತಳು. ಚಿತ್ರಗಳು ಎರಡು. ಮೊದಲನೆಯದು, ಸೆಟ್ಟನ್ನು ಬಾಯಲ್ಲಿಟ್ಟುಕೊಂಡೇ ತೆಗೆದದ್ದು. ಸೆಟ್ಟಿಗೆ ಆರು ಬಿಳಿ ಚುಕ್ಕಿ ಅಂಟಿಸಿದ್ದರು. ಎರಡನೆಯದು, ಮಾರನೆಯ ದಿನ ಸೆಟ್ಟೊಂದನ್ನೇ ತರಿಸಿಕೊಂಡು ತೆಗೆದದ್ದು. ಚುಕ್ಕಿಗೆ ಚುಕ್ಕಿ ಕೂಡಿಸಿದರೆ ಎರಡು ಚಿತ್ರ ಒಂದಾಗುತ್ತವೆ. ಸೆಟ್ಟಿನ ಅಳತೆಯಲ್ಲೇ ಒಂದು ಅಚ್ಚು ತಯಾರಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಆ ಅಚ್ಚನ್ನು ವಸಡಿನ ಮೇಲೆ ಕೂರಿಸುತ್ತಾರೆ. ಅದರ ತೂತುಗಳೊಳಗಿಂದ ಬೈರಿಗೆ ಇಳಿಯುತ್ತದೆ. ಚುಕ್ಕಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದ್ದವು.

ಸೆಟ್ಟಿಗೂ ಮೂಳೆಗೂ ನಡುವೆ ಇರುವ ಬೂದಿ ಬಣ್ಣವೆಲ್ಲ ವಸಡು. ಯಂತ್ರ ಹಾಗೆಂದುಕೊಂಡಿತ್ತು. ಅವಳೂ ಹಾಗೇ ಅಂದುಕೊಂಡಿದ್ದಳು.

*

ಗುರುವಾರ ಹತ್ತಕ್ಕೆ ಕಾಳಮ್ಮ ಹಸಿರು ಬಟ್ಟೆ ಹೊದ್ದು ಮಲಗಿದ್ದರು. ನಡುವೆ ಗಾಜಿನ ಗೋಡೆ. ಈಚೆ ಭುವನಾ, ಡಾ. ಗುಳೇದ. ಆಚೆ ನರ್ಸ್ ಜುಬೇದಾ ಮತ್ತು ಯಂತ್ರದ ಕೈ. ಕೈ ಓಡುವಾಗ ಯಾರೂ ಅದನ್ನು ಮುಟ್ಟುವಂತಿಲ್ಲ. ಭುವನಾಳ ಮೇಜಿನ ಮೇಲೆ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದರೆ ಎಲ್ಲವೂ ನಿಲ್ಲುತ್ತದೆ, ಆದರೆ ಆ ಕೇಂದ್ರದಲ್ಲಿ ಇದುವರೆಗೆ ಯಾರೂ ಒತ್ತಿರಲಿಲ್ಲ. ಅದರ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಮರಗಟ್ಟಿಸುವ ಸೂಜಿ ಚುಚ್ಚಿ, ಜುಬೇದಾ ಅಚ್ಚನ್ನು ಬಾಯಲ್ಲಿ ಕೂರಿಸಿ ನೋಡಿದಳು. "ಸರಿ ಕೂತೈತೇನಮ್ಮಾ?"

ಕಾಳಮ್ಮ ಅಚ್ಚನ್ನು ನಾಲಿಗೆಯಿಂದ ತಡವಿ, ತೆಗೆದು, ಕೆಲಸ ಬಲ್ಲವರ ಮೆಚ್ಚುಗೆಯಲ್ಲಿ ತಿರುಗಿಸಿ ನೋಡಿದರು. ಸ್ಪೀಕರಿನಲ್ಲಿ ಅವರ ತೊದಲು ಮಾತು ಕೇಳಿಸಿತು. "ಭಾಳ ಚಂದ ಕುಂತೈತಿ ಬಿಡವಾ. ಅರಗಿಲ್ಲದನ ಕುಂತೈತಿ!"

ಜುಬೇದಾ ನಗುತ್ತಾ ಅಚ್ಚನ್ನು ಮತ್ತೆ ಕೂರಿಸಿ, ಮೂರು ಸಣ್ಣ ಮೊಳೆಗಳಿಂದ ಬಿಗಿದಳು. ಯಂತ್ರದ ಕೈ ಕೆಳಗಿಳಿಯಿತು. ಬೈರಿಗೆಯ ಸದ್ದು ಹಗುರವಾಗಿ, ಸೊಳ್ಳೆಯಂತೆ ಶುರುವಾಯಿತು. ಎಡಗಡೆಯ ಹಿಂದಿನ ತೂತು ಮೊದಲು. ಒಂದು ಮಿಲಿಮೀಟರ್. ಎರಡು.

ಅರಗು?

ಭುವನಾ ಮೈಕ್ ಹಿಡಿದಳು. "ಅತ್ತೀ, ಅರಗು ಅಂದ್ರ ಏನ್ರಿ?"

ಅಚ್ಚು ಬಿಗಿದ ಬಾಯಿಂದ ಗೊರಗೊರ ಸದ್ದಷ್ಟೇ ಬಂತು. ಹಸಿರು ಬಟ್ಟೆಯಡಿಯ ಕೈ ಎದ್ದು ಏನೂ ಇಲ್ಲವೆಂಬಂತೆ ಅಲ್ಲಾಡಿತು. ಡಾ. ಗುಳೇದ ಅವಳ ಕಡೆ ತಿರುಗಿದರು. "ಏನಾತು?"

ಅವಳು ಆಗಲೇ ಮೌನೇಶನಿಗೆ ಫೋನು ಹಚ್ಚಿದ್ದಳು. ಮೂರು ಮಿಲಿಮೀಟರ್. ನಾಲ್ಕು.

"ಏನು, ಮುಗೀತೇನು?" ಎಂದ ಅವನು.

"ಅತ್ತಿ ಹಲ್ಲಿನ ಸೆಟ್ಟಿಗೆ ಅರಗು ಹಾಕಿದ್ರೇನು?"

"ಹೂಂ. ಸಡ್ಲ ಆಗಿತ್ತಲ್ಲ. ಬಂಗಾರದ ಪೊಳ್ಳು ಗುಂಡಿನ್ಯಾಗ ತುಂಬ್ತೀವಲ್ಲ, ಹಂಗs ತಳಕ್ಕ ಹಚ್ಚಿ ಕುಂದರಿಸಿಕೊಂಡಿದ್ಲು. ಯಾಕ?"

"ಚಿತ್ರ ತಗಿಸೂ ದಿನಾನೂ ಇತ್ತೇನು?"

"ಇತ್ತು. ಮರುದಿನ ಸೆಟ್ಟು ಕಳಸ್ರಿ ಅಂದ್ರಲ್ಲ ನೀವು, ಆವಾಗ ತಗದ್ಲು. ಕಾಸಿ ಅರಗೆಲ್ಲಾ ಇಳಿಸಿ, ಅಂಟವಾಳದಾಗ ತೊಳದು, ತಿಕ್ಕಿ ಹೊಳಪು ಮಾಡಿ ಕೊಟ್ಲು. ಅವ್ವ ಮಂದಿ ಕೈಗೆ ಹಂಗs ಯಾವಾಗರ ಏನರ ಕೊಟ್ಟಾಳೇನು?"

ಆರೂವರೆ. ಏಳು.

ಸಿ.ಟಿ. ಚಿತ್ರದಲ್ಲಿ ಅರಗು ಬೆಳ್ಳಗೆ ಹೊಳೆಯುವುದಿಲ್ಲ; ಮಾಂಸದಂತೆ ಬೂದಿ ಬಣ್ಣಕ್ಕೆ ತಿರುಗಿ ವಸಡಿನೊಳಗೆ ಸೇರಿಹೋಗುತ್ತದೆ. ನಾಲ್ಕೂವರೆಯಲ್ಲಿ ಎರಡು ವಸಡು, ಎರಡೂವರೆ ಅರಗು. ಮೊದಲ ಚಿತ್ರ ತೆಗೆದ ದಿನ ಸೆಟ್ಟು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿ ಕೂತಿತ್ತು. ಬೈರಿಗೆ ಎಷ್ಟು ಇಳಿಯಬೇಕೆಂಬುದು ಆ ಎತ್ತರದಿಂದ ಎಣಿಸಿದ ಲೆಕ್ಕ. ಇಂದಿನ ಅಚ್ಚು ತೊಳೆದು ಬಂದ ಸೆಟ್ಟಿನದು. ಅದು ನೇರ ವಸಡಿಗೇ ಇಳಿದು ಕೂತಿದೆ. ಬೈರಿಗೆಯೂ ಅಷ್ಟೇ ಹೆಚ್ಚು ಇಳಿಯುತ್ತದೆ. ನರಕ್ಕೆ ಬಿಟ್ಟಿದ್ದು ಎರಡೇ.

ಇಷ್ಟನ್ನೂ ಅವಳು ಮಾತಿನಲ್ಲಿ ಯೋಚಿಸಲಿಲ್ಲ. ಕೈ ಗುಂಡಿಯ ಮೇಲೆ ಬಿದ್ದಿತ್ತು.

ಸೊಳ್ಳೆಯ ಸದ್ದು ನಿಂತಿತು. ಪರದೆಯ ಮೇಲೆ 9.2 ಎಂಬ ಅಂಕಿ. ಹತ್ತಕ್ಕೆ ನಿಲ್ಲಬೇಕಿತ್ತು ಅದು.

"ಭುವನಾ!" ಗುಳೇದರು ಕುರ್ಚಿಯಿಂದ ಎದ್ದುಬಿಟ್ಟರು. "ಏನ್ ಮಾಡಿದ್ರಿ ಇದು? ನಾಲ್ಕು ವರ್ಷದಾಗ..."

"ಮತ್ತೊಮ್ಮೆ ಚಿತ್ರ ತಗೀರಿ ಸರ್. ಅಚ್ಚು ಹಂಗs ಇರಲಿ. ಆಮ್ಯಾಲೆ ಬೈಯಿರಂತ."

ಚಿತ್ರ ತೆಗೆದರು. ಗುಳೇದರು ಕನ್ನಡಕ ಹಣೆಗೇರಿಸಿ ಪರದೆಗೆ ಬಗ್ಗಿದರು. ಮೂಳೆಯಲ್ಲಿ ಕೊರೆದ ಕಪ್ಪು ಗೆರೆ ಕೆಳಗಿಳಿದು, ನರದ ಸುರಂಗದ ನೆತ್ತಿಯ ಮೇಲೆ, ಮೂರು ಕೂದಲೆಳೆ ಜೋಡಿಸಿಟ್ಟಷ್ಟು ದೂರದಲ್ಲಿ ನಿಂತಿತ್ತು.

"ತಾಗಿಲ್ಲ," ಎಂದರು ಕೊನೆಗೆ. "ಆದ್ರ ಇಷ್ಟು ಹತ್ರ ಹೋಗಿ ಬಂದ್ರ ಬಾವು ಒತ್ತಿ ನರ ಸುಮ್ಮನಾಗಬಹುದು. ನಾಲ್ಕು ತಾಸು ಬಿಟ್ಟು ನೋಡೂಣು. ಮದ್ದು ಇಳಿದ ಮ್ಯಾಲೆ ಗೊತ್ತಾಗ್ತೈತಿ."

*

ಮೂರು ಗಂಟೆಗೆ ಬಲತುಟಿಗೆ ಅರಿವು ಬಂತು. ಎಡಕ್ಕೆ ಬರಲಿಲ್ಲ.

ಭುವನಾ ಹತ್ತಿಯನ್ನು ತಣ್ಣೀರಿಗೆ ಅದ್ದಿ ಮುಟ್ಟಿಸಿದಳು. "ಇಲ್ಲಿ?"

"ಇಲ್ಲ."

"ಇಲ್ಲಿ, ಅತ್ತೀ?"

"ಅದು ನಂದಲ್ಲ ಅನಿಸಾಕತ್ತೈತಿ ನೋಡು. ಯಾರದೋ ತುಟಿ ತಂದು ಅಂಟಿಸಿದಂಗ."

ಐದಕ್ಕೂ ಇಲ್ಲ. ಮಾರನೆಯ ದಿನವೂ ಇಲ್ಲ. ಭುವನಾ ಗಂಜಿ ಕುಡಿಸಿದಾಗ ಎಡಗಡೆಯಿಂದ ಜೊಲ್ಲಿನ ಜೊತೆ ಸುರಿದು ಗದ್ದಕ್ಕೆ ಬಂದರೂ ಕಾಳಮ್ಮನಿಗೆ ತಿಳಿಯುತ್ತಿರಲಿಲ್ಲ. ತನ್ವಿ ಸುಮ್ಮನೆ ಹೋಗಿ ತನ್ನ ಕರವಸ್ತ್ರ ತಂದು ಅಜ್ಜಿಯ ತೊಡೆಯ ಮೇಲಿಟ್ಟಳು. ಮೂರನೆಯ ದಿನ ಕಾಳಮ್ಮ ಯಾರಿಗೂ ಹೇಳದೆ ದೀಪ ಹಚ್ಚಿ ಕೂತರು. ಗೊಳವೆ ತುಟಿಗಿಟ್ಟು ಊದಿದರು. ಗಾಳಿ ಎಡಗಡೆಯಿಂದ ಸೋರಿ ಜ್ವಾಲೆ ಪಟಪಟ ಬಡಿದು ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಆಮೇಲೆ ಗೊಳವೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದರೂ ನೋಡದವರಂತೆ ಗೋಡೆಗೆ ತಿರುಗಿ ಮಲಗಿದರು.

ಕೇಂದ್ರದಲ್ಲಿ ವರದಿ ಬರೆಯಬೇಕಿತ್ತು. ‘ಕಾರಣ’ ಎಂಬ ಕಡೆ ಯಂತ್ರವೇ ಭರ್ತಿ ಮಾಡಿ ಇಟ್ಟಿತ್ತು: ರೋಗಿಯ ತಪ್ಪು. ಭುವನಾ ಅದನ್ನು ಅಳಿಸಿದಳು. ರೋಗಿಗಳಿಗೆ ಕೊಡುವ ಸೂಚನಾ ಹಾಳೆ ಎದುರಿಗೇ ಇತ್ತು. ‘ಹಲ್ಲಿನ ಸೆಟ್ಟನ್ನು ಸ್ವಚ್ಛಗೊಳಿಸಿ ತನ್ನಿ.’ ಎರಡು ವರ್ಷದ ಹಿಂದೆ ಅದನ್ನು ಬರೆದವಳು ಅವಳೇ.

ಆ ದಿನ ಮನೆಗೆ ಬಂದವಳೇ ಅತ್ತೆಯ ಮಗ್ಗುಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ನಾಲ್ಕೂವರೆ ಕಂಡದ್ದು, ಅನುಮಾನ ಬಂದದ್ದು, ಆದರೂ ಬೀಗ ಹಾಕಿದ್ದು, ಆ ಹಾಳೆ.

ಕಾಳಮ್ಮ ಕೇಳಿಸಿಕೊಂಡರು. "ಅಂದ್ರ ನಾ ತೊಳೀಬಾರದಿತ್ತು."

"ನೀವು ತೊಳದದ್ದು ತಪ್ಪಲ್ರಿ. ನಾ ಕೇಳಲಿಲ್ಲ."

"ನಾನರ ಹೇಳಿದೆನೇನು? ಸೊಸಿ ಆಫೀಸಿನ ಮಂದಿ ಏನಂದಾರು, ಮುದುಕಿ ಹಲ್ಲಿಗೆ ಅರಗು ಮೆತ್ತಿಕೊಂಡಾಳ ಅಂತ ನಕ್ಕಾರು ಅಂತ, ತಿಕ್ಕಿ ತಿಕ್ಕಿ ಕೊಟ್ಟೆ." ಸೆರಗಿನಿಂದ ಗದ್ದ ಒರೆಸಿಕೊಂಡು, "ನಿನ್ನ ಮಾನ ಹೋಗಬಾರದು ಅಂತ," ಎಂದರು.

ಭುವನಾ ಹತ್ತಿರ ಸರಿದಳು. ಅತ್ತೆಯ ಕೆದರಿದ ಕೂದಲನ್ನು ಬೆರಳಿಂದ ಬಾಚಿ ಬಾಚಿ, ಗಂಟು ಕಟ್ಟಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಕಾಳಮ್ಮ "ಹಾ!" ಎಂದು ಕಪ್ಪು ಕೆಳಗಿಟ್ಟರು. ಬಿಸಿ ತಾಗಿತ್ತು. ಆಮೇಲೆ ಇರುವೆ ಹರಿದಂತೆ, ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತಾ ಮೂರು ವಾರದಲ್ಲಿ ತುಟಿ ಪೂರ್ತಿ ಅವರದಾಯಿತು. ಆ ಮೂರು ವಾರ ಅವರು ಉರಿ ಉರಿ ಎಂದು ಎಲ್ಲರ ಮೇಲೂ ರೇಗಿದರು. ಮನೆಯವರೆಲ್ಲ ಬೈಸಿಕೊಂಡು ಸುಖವಾಗಿದ್ದರು.

*

ಕೊರೆದ ತೂತು ತುಂಬಿ ಮೂಳೆ ಮಾಗಿದ ಮೇಲೆ ಹೊಸ ಚಿತ್ರಗಳನ್ನು ತೆಗೆದರು. ಈ ಸಲ ಭುವನಾ ಒಂದು ಹಟ ಹಿಡಿದಳು: ಅತ್ತೆ ತನ್ನ ಪಕ್ಕದಲ್ಲಿ ಕೂರಬೇಕು. ರೋಗಿಯನ್ನು ಯೋಜನಾ ಕೋಣೆಗೆ ಕರೆತರುವ ಪದ್ಧತಿ ಇರಲಿಲ್ಲ. ಡಾ. ಗುಳೇದ ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟು ಹೊರಗೆ ಹೋದರು.

ಕಾಳಮ್ಮ ತಮ್ಮ ದವಡೆಯನ್ನು ನೋಡಿದರು. ಹೆದರುತ್ತಾರೆಂದು ಭುವನಾ ಅಂದುಕೊಂಡಿದ್ದಳು. ಅವರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದರು. "ತಿರುಗಿಸು. ಹಿಂದಿನ ಮಗ್ಗಲಾ ತೋರ್ಸು. ಹಾಂ. ಇಲ್ಲಿ ತಗಡು ತೆಳ್ಳಗಾಗೇತಿ. ಈ ಕಪ್ಪು ಕೊಳವಿ ಏನು?"

"ಅದs ನರ. ಇಲ್ಲಿಂದ ಹೊರಬಿದ್ದು ತುಟಿಗೆ ಹೋಗ್ತೈತ್ರಿ."

ಯಂತ್ರ ಓಡಿತು. ಹನ್ನೊಂದು ನಿಮಿಷ. ಸರಿಯಾದ ವಸಡು, ಸರಿಯಾದ ಎತ್ತರ. ಮತ್ತೆ ಅದೇ ಹಿಂದಿನ ಜಾಗಗಳು, ನರಕ್ಕೆ ಎರಡು ಮಿಲಿಮೀಟರ್ ಮೇಲೆ. ಮೂವತ್ತೊಂದು ವರ್ಷ.

"ಈ ಸಲ ತಪ್ಪಾಗಂಗಿಲ್ರಿ ಅತ್ತೀ. ಎಲ್ಲಾ ಅಳತಿ ಸರಿ ಐತಿ."

"ಮೊದಲೂ ಸರಿ ಇತ್ತಲ್ಲ."

ಕಾಳಮ್ಮ ಬೆರಳನ್ನು ಪರದೆಯ ಹತ್ತಿರ ಒಯ್ದು, ಮುಟ್ಟದೆ, ದವಡೆಯ ಮುಂಭಾಗ ತೋರಿಸಿದರು. "ಈ ಕೊಳವಿ ಇಲ್ಲಿಗೆ ಬಂದು ಹೊರಗ ಹೋತು ಅಂದಿ. ಅದರ ಮುಂದ ಖಾಲಿ ಐತಲ್ಲ. ನಾಲ್ಕನ್ನೂ ಇಲ್ಲೇ ಮುಂದ ಹಾಕಿದ್ರ?"

ಹಾಕಿ ನೋಡಿದಳು. ನರ ದೂರ ಉಳಿಯಿತು. ಬೈರಿಗೆ ಎಷ್ಟು ಇಳಿದರೂ ತಾಗುವ ಹಾಗಿರಲಿಲ್ಲ. ಆದರೆ ಹಿಂದೆ ಆಧಾರವಿಲ್ಲದೆ, ರೊಟ್ಟಿ ಅಗಿದು ಅಗಿದು, ಪರದೆಯ ಮೇಲಿನ ಮೂಳೆ ಬೇಗ ಸವೆಯಿತು. ಹದಿನೇಳು ವರ್ಷಕ್ಕೆ ಮೊದಲ ಬೇರು ಅಲ್ಲಾಡಿತು. ಭುವನಾ ಆ ಅಂಕಿಯನ್ನೇ ನೋಡಿದಳು. ಹದಿನಾಲ್ಕು ವರ್ಷ ಕೈಬಿಡುವುದು. ಅತ್ತೆ ಎಂಬತ್ತೊಂದಕ್ಕೆ ಮತ್ತೆ ಬೋಳು ಬಾಯಿಯವರಾಗುವುದು.

"ಯಂತ್ರಕ್ಕ ಊದೂದು ಗೊತ್ತಿಲ್ಲ, ಅತ್ತೀ. ಅದಕ್ಕ ಗೊತ್ತಿರೂದು ತಿನ್ನೂದಷ್ಟs. ಆದ್ರೂ ಮೂವತ್ತೊಂದು ವರ್ಷ..."

"ಎಂಬತ್ತೊಂದರ ಮುದುಕಿ ರೊಟ್ಟಿ ಕಡದು ಏನ್ ಮಾಡ್ಬೇಕು? ಹಾಲಿನ್ಯಾಗ ನೆನಿ ಹಾಕಿ ಕೊಡು, ನುಂಗತೀನಿ. ಕೊಡಂಗಿಲ್ಲೇನು?"

"ಕೊಡ್ತೀನ್ರಿ."

"ಮತ್ತ?"

ಭುವನಾ ಹದಿನೇಳರ ಯೋಜನೆಯನ್ನು ಆರಿಸಿ ಬೀಗ ಒತ್ತಿದಳು. ಪರದೆಯ ಮೇಲೆ ಹಳದಿ ಚೌಕವೊಂದು ಎದ್ದು ನಿಂತಿತು.

"ಏನ್ ಕೇಳಾಕತ್ತೈತಿ ಅದು?"

"ಇದಕ್ಕಿಂತ ಹದಿನಾಲ್ಕು ವರ್ಷ ಹೆಚ್ಚು ಬಾಳೂದು ಐತಿ, ಅದನ್ನ ಬಿಟ್ಟು ಇದನ್ಯಾಕ ತಗೋತೀರಿ, ಕಾರಣ ಹೇಳ್ರಿ ಅಂತೈತ್ರಿ."

ಕಾಳಮ್ಮ ಚೌಕಾಸಿಗೆ ಕೂತ ಗಿರಾಕಿಯನ್ನು ನೋಡುವಂತೆ ಪರದೆಯನ್ನು ನೋಡಿದರು.

"ನನ್ನ ತುಟಿ ನನಗ ಬೇಕು ಅಂತ ಹೇಳು."

ಯಂತ್ರ ಕೊಟ್ಟಿದ್ದ ಕಾರಣಗಳ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ. ಭುವನಾ ಪಟ್ಟಿಯ ಕೆಳಗಿನ ಖಾಲಿ ಜಾಗಕ್ಕೆ ಹೋಗಿ, ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು.